ಫೌಂಡ್ರಿಯ ಬಜೆಟ್: ಚಾರ್ಜ್ ಶೀಟ್‌ನಿಂದ ಶುರುಮಾಡಿ

ಬೆಳಗಾವಿಯ ಉದ್ಯಮಬಾಗ, ಮಚ್ಛೆ ಕಡೆಯ ಸಣ್ಣ ಫೌಂಡ್ರಿಗಳಲ್ಲಿ, ಅಂದರೆ ಕಬ್ಬಿಣ ಕರಗಿಸಿ ಅಚ್ಚಿಗೆ ಸುರಿಯುವ ಎರಕದ ಘಟಕಗಳಲ್ಲಿ, ಮಾರ್ಚ್ ಬಂತೆಂದರೆ ಒಂದು ಬಜೆಟ್ ತಯಾರಾಗುತ್ತದೆ. ಟ್ಯಾಲಿಯಿಂದ ಹೋದ ವರ್ಷದ ಖರ್ಚು ತೆಗೆಯುವುದು, ಎಲ್ಲದಕ್ಕೂ ಇಷ್ಟು ಪರ್ಸೆಂಟ್ ಸೇರಿಸುವುದು, ಹನ್ನೆರಡರಿಂದ ಭಾಗಿಸಿ ಬ್ಯಾಂಕಿಗೆ ಕೊಡುವುದು. ಸಿ.ಸಿ. ಲಿಮಿಟ್ (ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಸಾಲದ ಮಿತಿ) ನವೀಕರಣಕ್ಕೆ ಅದು ಸಾಕು. ಫರ್ನೇಸ್ ಮುಂದೆ ನಿಂತವನಿಗೆ ಮಾತ್ರ ಅದರಿಂದ ಏನೂ ತಿಳಿಯುವುದಿಲ್ಲ. ಅದರಲ್ಲಿ ಕೆಜಿ ಇಲ್ಲ, ಯುನಿಟ್ ಇಲ್ಲ, ಬರೀ ರೂಪಾಯಿ.

ನಾನು ಈ ಫೌಂಡ್ರಿಗಳ ವೆಚ್ಚದ ಲೆಕ್ಕ ನೋಡುವವಳು. 2014ರ ಕಾಸ್ಟ್ ರೆಕಾರ್ಡ್ಸ್ ನಿಯಮಗಳು ಅನ್ವಯವಾಗುವುದು ಅದರ ಪಟ್ಟಿಯಲ್ಲಿರುವ ಉದ್ಯಮಗಳಲ್ಲಿ ವಾರ್ಷಿಕ ವಹಿವಾಟು 35 ಕೋಟಿ ಮುಟ್ಟಿದ ಕಂಪನಿಗಳಿಗೆ. ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ವಿನಾಯಿತಿ ಇದೆ. ಹಾಗಾಗಿ ಇಲ್ಲಿನ ಬಹುಪಾಲು ಘಟಕಗಳನ್ನು ಈ ಲೆಕ್ಕ ತೋರಿಸಿ ಎಂದು ಸರ್ಕಾರ ಕೇಳುವುದಿಲ್ಲ. ಆದರೂ ನಾನು ಹಟ ಹಿಡಿದು ಮಾಡಿಸುತ್ತೇನೆ. ಟನ್ನಿಗೆ ಸಾವಿರ ರೂಪಾಯಿ ಎಲ್ಲಿ ಸೋರುತ್ತಿದೆ ಎಂದು ಗೊತ್ತಿಲ್ಲದೆ ಮಾಲು ಕೊಳ್ಳುವ ಪಂಪ್ ಕಂಪನಿಯವರ ಮುಂದೆ ದರ ಮಾತಾಡಲು ಕೂತ ಮಾಲಕರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಕೆಳಗಿನ ಕ್ರಮ ಕರೆಂಟಿನಿಂದ ಕರಗಿಸುವ ಒಂದು ಇಂಡಕ್ಷನ್ ಫರ್ನೇಸ್, ಗ್ರೀನ್ ಸ್ಯಾಂಡ್ ಮೋಲ್ಡಿಂಗ್ (ತೇವದ ಮರಳಿನ ಅಚ್ಚು), ಎಫ್‌ಜಿ 200 ಅಥವಾ ಎಫ್‌ಜಿ 260 ಗ್ರೇಡಿನ ಗ್ರೇ ಐರನ್ (ಬೂದು ಎರಕದ ಕಬ್ಬಿಣ) ಮಾಲು ಮಾಡುವ ಘಟಕಕ್ಕೆ ಬರೆದದ್ದು. ದರಗಳನ್ನೆಲ್ಲ ಲೆಕ್ಕ ತಿಳಿಯಲಿ ಎಂದು ನಾನೇ ಹಿಡಿದಿದ್ದೇನೆ. ನಿಮ್ಮ ಬಿಲ್ಲಿನ ದರ ಹಾಕಿಕೊಳ್ಳಿ.

ಮೊದಲು ತೂಕ, ಆಮೇಲೆ ದರ

ಅಕೌಂಟ್ಸ್ ಕೋಣೆಯಿಂದ ಎದ್ದು ಶಾಪ್‌ಗೆ ಹೋಗಿ. ಬೇಕಾಗಿರುವುದು ಮೂರು ಪುಸ್ತಕ: ಪ್ರತಿ ಹೀಟ್‌ಗೆ, ಅಂದರೆ ಒಂದು ಸಲ ಕರಗಿಸುವುದಕ್ಕೆ, ಏನೇನು ಎಷ್ಟೆಷ್ಟು ಹಾಕಿದರು ಎಂಬ ಚಾರ್ಜ್ ಶೀಟ್, ಫರ್ನೇಸ್ ಪ್ಯಾನೆಲ್‌ನ ಮೀಟರ್ ರೀಡಿಂಗ್ ಬರೆದ ಲಾಗ್, ಫೆಟ್ಲಿಂಗ್ (ಎರಕದ ಮಾಲನ್ನು ಉಜ್ಜಿ ಚೊಕ್ಕ ಮಾಡುವುದು) ಆದಮೇಲಿನ ರಿಜೆಕ್ಷನ್ ರಿಜಿಸ್ಟರ್. ಮೂರರಲ್ಲಿ ಒಂದು ಇಲ್ಲದಿದ್ದರೆ ಬಜೆಟ್ ಬರೆಯುವುದನ್ನು ನಿಲ್ಲಿಸಿ, ಮೊದಲು ಅದನ್ನು ಬರೆಸಲು ಶುರುಮಾಡಿ. ಎರಡು ತಿಂಗಳ ಪ್ರಾಮಾಣಿಕ ಹೀಟ್ ಲಾಗ್ ಐದು ವರ್ಷದ ಬ್ಯಾಲೆನ್ಸ್ ಶೀಟ್‌ಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಈಗ ಒಂದು ಟನ್ ಒಳ್ಳೆಯ ಮಾಲು, ಅಂದರೆ ಗಿರಾಕಿ ಒಪ್ಪಿ ದುಡ್ಡು ಕೊಡುವ ಮಾಲು, ಹೊರಗೆ ಹೋಗಬೇಕಾದರೆ ಒಳಗೆ ಏನೇನು ಹೋಗಬೇಕು ಎಂದು ಬರೆಯಿರಿ. ನನ್ನ ಉದಾಹರಣೆಯ ಘಟಕದಲ್ಲಿ ಫರ್ನೇಸ್‌ಗೆ 1,600 ಕೆಜಿ ಹಾಕಬೇಕು. ಅದರಲ್ಲಿ 60 ಕೆಜಿ ಸ್ಲ್ಯಾಗ್ (ಕರಗಿದ ಲೋಹದ ಮೇಲೆ ತೇಲುವ ಕಿಟ್ಟ) ಆಗಿ, ಸಿಡಿದು, ಗ್ರೈಂಡಿಂಗ್ ಧೂಳಾಗಿ ಹೋಗುತ್ತದೆ. 1,000 ಕೆಜಿ ಮಾಲು. ಉಳಿದ 540 ಕೆಜಿ ರನ್ನರ್, ರೈಸರ್ (ಅಚ್ಚಿಗೆ ಲೋಹ ಹರಿಸುವ, ತುಂಬಿಸುವ ದಾರಿಗಳಲ್ಲಿ ಗಟ್ಟಿಯಾದದ್ದು) ಮತ್ತು ರಿಜೆಕ್ಟ್; ಅದು ರಿಟರ್ನ್ ಎಂದು ಮತ್ತೆ ಫರ್ನೇಸ್‌ಗೆ ಬರುತ್ತದೆ. ಹಾಗಾದರೆ ಹೊರಗಿನಿಂದ ಕೊಳ್ಳಬೇಕಾದ ಲೋಹ ಟನ್ ಮಾಲಿಗೆ 1,060 ಕೆಜಿ.

"ರಿಟರ್ನ್ ವಾಪಸ್ ಕರಗ್ತೈತಲ್ರೀ, ರಿಜೆಕ್ಷನ್‌ನಿಂದ ಏನ್ ಲುಕ್ಸಾನು?" ಎಂದು ಕೇಳುವ ಮಾಲಕರು ಬಹಳ. ಲೋಹ ವಾಪಸ್ ಬರುತ್ತದೆ ನಿಜ. ಅದನ್ನು ಕರಗಿಸಿದ ಕರೆಂಟು ವಾಪಸ್ ಬರುವುದಿಲ್ಲ. ಟನ್ ಲೋಹ ಕರಗಿಸಲು ನಿಮ್ಮ ಫರ್ನೇಸ್‌ಗೆ 600 ಯುನಿಟ್ ಬೇಕೆಂದುಕೊಳ್ಳಿ, ಟನ್ ಮಾಲಿಗೆ ಬೀಳುವುದು 1.6 ಪಟ್ಟು, 960 ಯುನಿಟ್. ಕರೆಂಟಿನ ಸ್ಟ್ಯಾಂಡರ್ಡ್ (ಇಷ್ಟೇ ಹೋಗಬೇಕೆಂದು ಮೊದಲೇ ಬರೆದಿಟ್ಟ ಅಳತೆ) ಬರೆಯುವಾಗ ಈ ಎರಡೂ ಸಂಖ್ಯೆ ಅಕ್ಕಪಕ್ಕ ಇರಲೇಬೇಕು. ಏಕೆ ಎಂಬುದು ಮುಂದೆ ಗೊತ್ತಾಗುತ್ತದೆ.

ಸ್ಟ್ಯಾಂಡರ್ಡ್ ಎಷ್ಟು ಬಿಗಿ ಇರಬೇಕು? ಕಬ್ಬಿಣವನ್ನು 1,500 ಡಿಗ್ರಿಯ ಹತ್ತಿರಕ್ಕೆ ಒಯ್ಯಲು ಸಿದ್ಧಾಂತದ ಪ್ರಕಾರ ಟನ್ನಿಗೆ 400 ಯುನಿಟ್ ಆಸುಪಾಸು ಸಾಕು. ಕಾಯಿಲ್, ಕೂಲಿಂಗ್ ನೀರು, ಲೈನಿಂಗ್, ತೆರೆದ ಬಾಯಿ ಎಲ್ಲ ತಿನ್ನುವುದನ್ನು ಸೇರಿಸಿದರೆ 550ರಿಂದ 650ರ ಒಳಗೆ ಓಡುವ ಫರ್ನೇಸ್‌ಗಳೇ ಹೆಚ್ಚು. ನಿಮ್ಮ ಲಾಗ್‌ನಲ್ಲಿ ಎಲ್ಲ ಸರಿಯಾಗಿ ನಡೆದ ಹೀಟ್‌ಗಳನ್ನು ಆರಿಸಿ, ಅವುಗಳ ಸರಾಸರಿ ಹಿಡಿಯಿರಿ. ತಯಾರಕರ ಕ್ಯಾಟಲಾಗ್ ಸಂಖ್ಯೆ ಹಾಕಿದರೆ ಪ್ರತಿ ತಿಂಗಳೂ ಬಜೆಟ್ ಮೀರಿದ್ದೇ ಬರುತ್ತದೆ, ಶಾಪ್‌ನವರು ನೋಡುವುದನ್ನೇ ಬಿಡುತ್ತಾರೆ. ಹೋದ ವರ್ಷದ ಒಟ್ಟು ಸರಾಸರಿ ಹಾಕಿದರೆ ಹೋದ ವರ್ಷದ ಕಳಪೆ ದಿನಗಳೂ ಮಾಮೂಲಿಯಾಗಿ ಒಳಗೆ ಸೇರಿಕೊಳ್ಳುತ್ತವೆ.

ದರ ಹಾಕುವುದು ಕೊನೆಗೆ. ಕೊಳ್ಳುವ ಲೋಹದಲ್ಲಿ ಶೇ 40 ಪಿಗ್ ಐರನ್ (ಅದಿರಿನಿಂದ ತೆಗೆದ ಬೀಡು ಕಬ್ಬಿಣ) ಕೆಜಿಗೆ 44 ರೂಪಾಯಿ, ಶೇ 60 ಸ್ಟೀಲ್ ಸ್ಕ್ರಾಪ್ 38 ರೂಪಾಯಿ. ಸರಾಸರಿ 40.40. ಟನ್ ಮಾಲಿಗೆ ಲೋಹ 42,824 ರೂಪಾಯಿ. ಕರೆಂಟು ಯುನಿಟ್‌ಗೆ 7.50ರಂತೆ 7,200. ಫೆರೋ ಸಿಲಿಕಾನ್, ಕಾರ್ಬರೈಸರ್, ಬೆಂಟೊನೈಟ್, ಕೋಲ್ ಡಸ್ಟ್, ಕೋರ್ ಸ್ಯಾಂಡ್ (ಮಾಲಿನ ಒಳಗೆ ಪೊಳ್ಳು ಬರಲು ಅಚ್ಚಿನಲ್ಲಿಡುವ ಕೋರ್‌ನ ಮರಳು), ಗ್ರೈಂಡಿಂಗ್ ವೀಲ್ ಎಲ್ಲಕ್ಕೂ ಇದೇ ರೀತಿ: ಮೊದಲು ಟನ್ನಿಗೆ ಕೆಜಿ, ಆಮೇಲೆ ರೂಪಾಯಿ.

ಹನ್ನೆರಡರಿಂದ ಭಾಗಿಸಬೇಡಿ

ಬೆಳಗಾವಿಯ ಫೌಂಡ್ರಿಗೆ ಹನ್ನೆರಡು ಸಮ ತಿಂಗಳು ಇಲ್ಲ. ಮಿರಗದ ಮಳೆಗೆ ಬಿತ್ತನೆ ಎಂದು ಸುತ್ತಲ ಹಳ್ಳಿಯ ಕೆಲಸಗಾರರು ರಜೆ ಹಾಕುತ್ತಾರೆ. ಜುಲೈ, ಆಗಸ್ಟ್‌ನ ಜಡಿಮಳೆಯಲ್ಲಿ ಮರಳಿನ ತೇವ ಹಿಡಿತಕ್ಕೆ ಸಿಗದೆ ಬ್ಲೋ ಹೋಲ್ (ಗಾಳಿಗುಳ್ಳೆ) ರಿಜೆಕ್ಷನ್ ಏರುತ್ತದೆ. ಗಣಪತಿ ಹಬ್ಬಕ್ಕೆ ಇಡೀ ಊರೇ ಬೀದಿಯಲ್ಲಿರುತ್ತದೆ. ಖಂಡೇನವಮಿ, ದೀಪಾವಳಿ ಬೆನ್ನಲ್ಲೇ ಒಡಿಶಾ, ಬಿಹಾರದ ಹುಡುಗರು ಊರಿಗೆ ಹೊರಡುತ್ತಾರೆ. ಕ್ಯಾಲೆಂಡರ್ ಮುಂದಿಟ್ಟುಕೊಂಡು ಪ್ರತಿ ತಿಂಗಳ ಕೆಲಸದ ದಿನ, ದಿನಕ್ಕೆ ಎಷ್ಟು ಹೀಟ್, ಹೀಟ್‌ಗೆ ಎಷ್ಟು ಮಾಲು ಎಂದು ಗುಣಿಸಿ ಟನ್ನೇಜ್ ಬರೆಯಿರಿ. ಮಳೆಗಾಲದ ತಿಂಗಳಿಗೆ ರಿಜೆಕ್ಷನ್ ಸ್ಟ್ಯಾಂಡರ್ಡ್ ಸ್ವಲ್ಪ ಸಡಿಲ ಇರಲಿ. ಬೇಸಿಗೆಯದನ್ನೇ ಹಾಕಿ ಜುಲೈನಲ್ಲಿ ಮೋಲ್ಡರ್‌ಗಳನ್ನು ಬೈಯುವುದು ಅನ್ಯಾಯ.

ಮಾಲಿನ ಜಾತಿಯನ್ನೂ ನೋಡಿ. ಕೋರ್ ತುಂಬಿದ ತೆಳು ಪಂಪ್ ಕೇಸಿಂಗ್ ಮತ್ತು ದಪ್ಪ ಕೌಂಟರ್‌ವೇಟ್ ಎರಡನ್ನೂ "ಕೆಜಿಗೆ ಇಷ್ಟು" ಎಂದು ಒಂದೇ ದರದಲ್ಲಿ ಹಿಡಿದರೆ, ಕೇಸಿಂಗ್ ಆರ್ಡರ್ ಹೆಚ್ಚಾದ ತಿಂಗಳು ಕೋರ್ ಖರ್ಚು ಏಕೆ ಏರಿತು ಎಂದು ಊರೆಲ್ಲ ಹುಡುಕಬೇಕಾಗುತ್ತದೆ. ಎಲ್ಲ ಐಟಂಗೂ ಬೇರೆ ಕಾರ್ಡ್ ಮಾಡಲು ಆಗದಿದ್ದರೆ ಮೂರು ನಾಲ್ಕು ಗುಂಪು ಮಾಡಿ.

ತಿಂಗಳ ಕೊನೆಗೆ: ಬಜೆಟ್ಟನ್ನು ನಿಜವಾದ ಟನ್ನೇಜ್‌ಗೆ ತನ್ನಿ

ಎಡವುವುದು ಇಲ್ಲೇ. ಬಜೆಟ್ 100 ಟನ್ನಿಗೆ ಇತ್ತು: ಲೋಹ 42,82,400, ಕರೆಂಟು 7,20,000, ಒಟ್ಟು 50,02,400 ರೂಪಾಯಿ. ತಿಂಗಳಲ್ಲಿ ಹೊರಬಿದ್ದ ಮಾಲು 90 ಟನ್. ಲೋಹಕ್ಕೆ ನಿಜವಾಗಿ ಆದ ಖರ್ಚು 38,74,950, ಕರೆಂಟಿಗೆ 7,08,750, ಒಟ್ಟು 45,83,700. ಎಕ್ಸೆಲ್‌ನಲ್ಲಿ ಒಂದರಿಂದ ಇನ್ನೊಂದನ್ನು ಕಳೆದರೆ 4,18,700 ರೂಪಾಯಿ ಉಳಿತಾಯ ಎಂದು ಹಸಿರು ಬಣ್ಣ ಬರುತ್ತದೆ.

ಆ ಹಸಿರನ್ನು ನಂಬಬೇಡಿ. 90 ಟನ್ ಮಾಡಿದವರಿಗೆ 90 ಟನ್ನಿನ ಖರ್ಚೇ ಮಂಜೂರು. ಟನ್ನಿನ ಸ್ಟ್ಯಾಂಡರ್ಡ್ ಅನ್ನು 90ರಿಂದ ಗುಣಿಸಿ: ಲೋಹ 38,54,160, ಕರೆಂಟು 6,48,000, ಒಟ್ಟು 45,02,160. ಅಂದರೆ ಖರ್ಚು ಮಂಜೂರಾದ್ದಕ್ಕಿಂತ 81,540 ರೂಪಾಯಿ ಹೆಚ್ಚು. ನಾಲ್ಕು ಲಕ್ಷದ ಉಳಿತಾಯ ಎನಿಸಿದ್ದು ನಿಜದಲ್ಲಿ ಎಂಬತ್ತು ಸಾವಿರದ ಸೋರಿಕೆ. ಇದಕ್ಕೆ ಫ್ಲೆಕ್ಸಿಬಲ್ ಬಜೆಟ್ ಎನ್ನುತ್ತಾರೆ. ಇದೊಂದನ್ನು ಮಾಡದೆ ಮುಂದಿನ ಯಾವ ವಿಶ್ಲೇಷಣೆಗೂ ಅರ್ಥವಿಲ್ಲ.

ದರದ ವ್ಯತ್ಯಾಸ ಬೇರೆ, ಬಳಕೆಯ ವ್ಯತ್ಯಾಸ ಬೇರೆ

ಈಗ 81,540 ಎಲ್ಲಿಂದ ಬಂತು ಎಂದು ಬಿಡಿಸೋಣ. ಆ ತಿಂಗಳು ಕೊಂಡ ಲೋಹದಲ್ಲಿ ಬಳಕೆಯಾದದ್ದು 98,100 ಕೆಜಿ: ಪಿಗ್ ಐರನ್ 39,240 ಕೆಜಿ ಅದೇ 44 ರೂಪಾಯಿಗೆ, ಸ್ಕ್ರಾಪ್ 58,860 ಕೆಜಿ 36.50ಕ್ಕೆ. ಮಾಲಕರಿಗೆ ಬಹಳ ಖುಷಿಯಾಗಿತ್ತು ಎಂದುಕೊಳ್ಳಿ. "ಸ್ಕ್ರಾಪ್‌ನ್ಯಾಗ ಕೆಜಿಗೆ ಒಂದೂವರೆ ರೂಪಾಯಿ ಉಳಿಸೇನ್ರಿ ಮೇಡಂ" ಎಂಬ ಮಾತು ನಾನು ಬೇರೆ ಬೇರೆ ಆಫೀಸುಗಳಲ್ಲಿ ಕೇಳಿದ್ದೇನೆ.

ದರದ ವ್ಯತ್ಯಾಸ ಎಂದರೆ ನಿಜವಾಗಿ ಬಳಸಿದ ಕೆಜಿಯನ್ನು ದರದ ಅಂತರದಿಂದ ಗುಣಿಸಿದ್ದು. 58,860 ಗುಣಿಲೆ 1.50, ಅಂದರೆ 88,290 ರೂಪಾಯಿ ಅನುಕೂಲ.

ಬಳಕೆಯ ವ್ಯತ್ಯಾಸ ಎಂದರೆ ಹೆಚ್ಚಾದ ಕೆಜಿಯನ್ನು ಸ್ಟ್ಯಾಂಡರ್ಡ್ ದರದಿಂದ ಗುಣಿಸಿದ್ದು. 90 ಟನ್ನಿಗೆ 95,400 ಕೆಜಿ ಸಾಕಿತ್ತು. 2,700 ಕೆಜಿ ಜಾಸ್ತಿ ಹೋಗಿದೆ. ಗುಣಿಲೆ 40.40, ಅಂದರೆ 1,09,080 ರೂಪಾಯಿ ಪ್ರತಿಕೂಲ. ಇಲ್ಲಿ ಸ್ಟ್ಯಾಂಡರ್ಡ್ ದರವನ್ನೇ ಹಾಕುವುದಕ್ಕೆ ಕಾರಣವಿದೆ: ಖರೀದಿಯವರು ಅಗ್ಗಕ್ಕೆ ತಂದರೋ ತುಟ್ಟಿಗೆ ತಂದರೋ, ಅದರ ಗಾಳಿ ಫರ್ನೇಸ್‌ನವರ ಲೆಕ್ಕಕ್ಕೆ ತಾಗಬಾರದು.

ಎರಡನ್ನೂ ಕೂಡಿಸಿದರೆ ಲೋಹದಲ್ಲಿ 20,790 ಮಾತ್ರ ಪ್ರತಿಕೂಲ. ಬಹಳ ಜನ ಇಲ್ಲಿಗೇ ಬಿಡುತ್ತಾರೆ, ಅರ್ಧ ಪರ್ಸೆಂಟ್ ತಾನೇ ಎಂದು. ಒಂದು ದೊಡ್ಡ ಉಳಿತಾಯ ಮತ್ತು ಅದಕ್ಕಿಂತ ದೊಡ್ಡ ಪೋಲು ಒಂದನ್ನೊಂದು ಮುಚ್ಚಿಕೊಂಡು ಕೂತಿವೆ ಎಂಬುದು ಬಿಡಿಸದೆ ಕಾಣುವುದಿಲ್ಲ.

ಇನ್ನು ಕರೆಂಟು. ದರ ಬದಲಾಗಿಲ್ಲ, 86,400 ಯುನಿಟ್ ಬದಲು 94,500 ಹೋಗಿದೆ. 8,100 ಯುನಿಟ್, 60,750 ರೂಪಾಯಿ ಪ್ರತಿಕೂಲ. ಮೇಲೆ ಎರಡು ಸಂಖ್ಯೆ ಅಕ್ಕಪಕ್ಕ ಬರೆಯಿರಿ ಎಂದೆನಲ್ಲ, ಈಗ ಅವು ಬೇಕು. ಚಾರ್ಜ್ ಶೀಟ್ ಕೂಡಿಸಿದರೆ ಆ ತಿಂಗಳು ಕರಗಿಸಿದ್ದು 150 ಟನ್. 90 ಟನ್ ಮಾಲಿಗೆ 144 ಟನ್ ಕರಗಿಸಿದರೆ ಸಾಕಿತ್ತು. ಹೆಚ್ಚುವರಿ 6 ಟನ್ ಕರಗಿಸಲು 600ರಂತೆ 3,600 ಯುನಿಟ್, 27,000 ರೂಪಾಯಿ. ಉಳಿದ 4,500 ಯುನಿಟ್, 33,750 ರೂಪಾಯಿ ಫರ್ನೇಸ್‌ನದೇ: ಟನ್ನಿಗೆ 600ರ ಬದಲು 630 ತಿಂದಿದೆ.

ಆ 6 ಟನ್ ಎಲ್ಲಿಗೆ ಹೋಯಿತು? 2,700 ಕೆಜಿ ಸ್ಲ್ಯಾಗ್ ಆಗಿ ಹೋದದ್ದು ಮೇಲೆಯೇ ಸಿಕ್ಕಿತು. ಉಳಿದ 3,300 ಕೆಜಿ ಮಾಮೂಲಿಗಿಂತ ಹೆಚ್ಚಾಗಿ ರಿಟರ್ನ್ ರಾಶಿಗೆ ಬಿದ್ದ ರಿಜೆಕ್ಟ್ ಮಾಲು. ರಿಜೆಕ್ಷನ್ ರಿಜಿಸ್ಟರ್‌ನಲ್ಲಿ ಈ ಸಂಖ್ಯೆ ಹೊಂದುತ್ತದೆಯೇ ನೋಡಿ. ಹೊಂದಿದರೆ ನಿಮ್ಮ ಲೆಕ್ಕ ಗಟ್ಟಿ. ಹೊಂದದಿದ್ದರೆ ತೂಕದಲ್ಲಿ ಎಲ್ಲೋ ತಪ್ಪಿದೆ.

ಈ ಸಂಖ್ಯೆಗಳನ್ನು ಹಿಡಿದು ಫರ್ನೇಸ್ ಹತ್ತಿರ ಹೋಗಿ ಕೇಳಿದರೆ ಉತ್ತರ ತಯಾರಿರುತ್ತದೆ. "ಅಕ್ಕಾರ, ಆ ಲೋಡ್ ಬಂದಾಗಿಂದ ಸ್ಲ್ಯಾಗ್ ತಗದ ತಗದ ಸಾಕಾಗೈತ್ರಿ. ಬರೇ ಜಂಗ್ ಹಿಡದದ್ದು." ತುಕ್ಕು ಎಂದರೆ ಆಗಲೇ ಅರ್ಧ ಸ್ಲ್ಯಾಗ್ ಆದ ಕಬ್ಬಿಣ. ತೂಗುವಾಗ ಕೆಜಿಗೆ ಬರುತ್ತದೆ, ಕರಗಿಸಿದಾಗ ಲೋಹವಾಗಿ ಬರುವುದಿಲ್ಲ. ಸ್ಲ್ಯಾಗ್ ತೆಗೆಯಲು ಮುಚ್ಚಳ ತೆರೆದಿಟ್ಟಷ್ಟು ಹೊತ್ತು ಶಾಖ ಹೋಗುತ್ತದೆ. ಸರಿಯಾಗಿ ತೆಗೆಯದಿದ್ದರೆ ಸ್ಲ್ಯಾಗ್ ಮೋಲ್ಡಿಗೆ ಹೋಗಿ ಮಾಲು ಕೆಡುತ್ತದೆ. ಅಗ್ಗದ ಸ್ಕ್ರಾಪ್‌ನಿಂದ 88,290 ರೂಪಾಯಿ ಬಂತು. ಲೋಹ ಮತ್ತು ಕರೆಂಟಿನಲ್ಲಿ 1,69,830 ಹೋಯಿತು. ಕೆಟ್ಟ 3,300 ಕೆಜಿ ಮಾಲಿನ ಮೋಲ್ಡಿಂಗ್ ಕೂಲಿ, ಕೋರ್, ಮರಳು ಇನ್ನೂ ಸೇರಿಲ್ಲ.

ವ್ಯತ್ಯಾಸಗಳನ್ನು ವಿಭಾಗವಾರು ಹಂಚಿ ಖರೀದಿಯವರಿಗೆ ಶಹಬ್ಬಾಸ್, ಫರ್ನೇಸ್‌ನವರಿಗೆ ಬೈಗುಳ ಎಂದು ಕಾಗದ ಕಳಿಸುವುದನ್ನು ನಾನು ಒಪ್ಪದಿರುವುದು ಇದಕ್ಕೇ. ಖರೀದಿ, ಮೆಲ್ಟಿಂಗ್, ಮೋಲ್ಡಿಂಗ್ ಮೂವರನ್ನೂ ಒಂದೇ ಮೇಜಿಗೆ ಕೂರಿಸಿ, ಒಂದೇ ಹಾಳೆ ಮುಂದಿಡಿ. ಹಾಳೆಯಲ್ಲಿ ಮೊದಲ ಕಾಲಂ ಕೆಜಿ ಮತ್ತು ಯುನಿಟ್, ರೂಪಾಯಿ ಎರಡನೆಯದು. ಫರ್ನೇಸ್‌ಮನ್‌ಗೆ 33,750 ರೂಪಾಯಿ ಎಂದರೆ ಅದು ಆಫೀಸಿನ ಮಾತು. ಟನ್ನಿಗೆ 30 ಯುನಿಟ್ ಎಂದರೆ ಮೋಲ್ಡ್ ತಯಾರಿಲ್ಲದೆ ಕರಗಿದ ಲೋಹವನ್ನು ಎಷ್ಟು ಹೊತ್ತು ಹಿಡಿದಿಟ್ಟೆವು, ಯಾವ ದಿನ ತಣ್ಣಗಿನ ಫರ್ನೇಸ್‌ನಿಂದ ಶುರುಮಾಡಿದೆವು, ಮರಳು ಅಂಟಿದ ರಿಟರ್ನ್ ಎಷ್ಟು ಹಾಕಿದೆವು ಎಂದು ಅವನೇ ಹೇಳುತ್ತಾನೆ.

ಮಿಶ್ರಣ ಬದಲಾದರೆ

ಪಿಗ್ ಐರನ್ ತುಟ್ಟಿಯಾದಾಗ ಅದನ್ನು ಕಡಿಮೆ ಮಾಡಿ ಸ್ಟೀಲ್ ಸ್ಕ್ರಾಪ್ ಹೆಚ್ಚಿಸುವುದು ಎಲ್ಲ ಕಡೆ ಇದೆ. ಲೋಹದ ಲೆಕ್ಕದಲ್ಲಿ ಇದು ಮಿಶ್ರಣದ ವ್ಯತ್ಯಾಸ, ಯಾವಾಗಲೂ ಅನುಕೂಲ ಎಂದೇ ಕಾಣುತ್ತದೆ. 100 ಕೆಜಿ ಬದಲಿಸಿದರೆ 600 ರೂಪಾಯಿ ಉಳಿತು. ಆದರೆ ಪಿಗ್ ಐರನ್‌ನಲ್ಲಿ ಶೇ 4ರ ಹತ್ತಿರ ಕಾರ್ಬನ್, ಫೌಂಡ್ರಿ ಗ್ರೇಡಿನಲ್ಲಿ ಶೇ 2ರ ಆಸುಪಾಸು ಸಿಲಿಕಾನ್ ಇರುತ್ತದೆ. ಸ್ಟೀಲ್‌ನಲ್ಲಿ ಎರಡೂ ಇಲ್ಲವೆನ್ನುವಷ್ಟು ಕಡಿಮೆ. ಆ 4 ಕೆಜಿ ಕಾರ್ಬನ್ ತುಂಬಲು, ಸುಟ್ಟು ಹೋಗುವುದನ್ನು ಸೇರಿಸಿ 5 ಕೆಜಿಯಷ್ಟು ಕಾರ್ಬರೈಸರ್, 2 ಕೆಜಿ ಸಿಲಿಕಾನ್‌ಗೆ 3 ಕೆಜಿಯಷ್ಟು ಫೆರೋ ಸಿಲಿಕಾನ್ ಬೇಕು. ಕಾರ್ಬರೈಸರ್ 70, ಫೆರೋ ಸಿಲಿಕಾನ್ 110 ಎಂದು ಹಿಡಿದರೆ 680 ರೂಪಾಯಿ. ಉಳಿತಾಯ ಅಲ್ಲಿಗೆ ಮುಗಿಯಿತು, ಕಾರ್ಬನ್ ಕರಗಲು ಹಿಡಿಯುವ ಹೊತ್ತಿನ ಕರೆಂಟು ಬೇರೆ. ದರಗಳು ಬೇರೆಯಾದ ತಿಂಗಳು ಉತ್ತರವೂ ಬೇರೆಯಾಗಬಹುದು, ಆದ್ದರಿಂದ ಲೋಹ ಮತ್ತು ಅಡಿಟಿವ್ ಎರಡನ್ನೂ ಕೂಡಿಸಿಯೇ ಮಿಶ್ರಣದ ವ್ಯತ್ಯಾಸ ಓದಿ.

ಕೂಲಿ ಮತ್ತು ಸ್ಥಿರ ಖರ್ಚು

ಮೋಲ್ಡಿಂಗ್ ಬಹಳ ಕಡೆ ಕಾಂಟ್ರಾಕ್ಟ್. ಬಾಕ್ಸ್‌ಗೆ ಇಷ್ಟು ಎಂದು ಮಾತಾಗಿರುತ್ತದೆ. ಅಲ್ಲಿ ಕೂಲಿ ದರದ ವ್ಯತ್ಯಾಸ ಹುಡುಕುತ್ತಾ ಕೂರುವುದು ಬೇಡ. ಲೋಹ ತಯಾರಿಲ್ಲದೆ ಜನ ಕೂತ ಹೊತ್ತು, ಕರೆಂಟ್ ಹೋದ ಹೊತ್ತು ಇವನ್ನು ಗಂಟೆಯಲ್ಲಿ ಬರೆಯಿಸಿ. ಫೆಟ್ಲಿಂಗ್‌ನವರು ದಿನಗೂಲಿ ಇದ್ದರೆ ಟನ್ನಿಗೆ ಎಷ್ಟು ಗಂಟೆ ಎಂದು ನೋಡಿ. ಅದು ಏರಿದ್ದರೆ ಮೊದಲು ಮೋಲ್ಡಿಂಗ್ ಬಾಕ್ಸ್‌ನ ಪಿನ್ ಸವೆದಿದೆಯೇ ನೋಡಿ. ಪಿನ್ ಸವೆದು ಮಾಲಿಗೆ ಫ್ಲ್ಯಾಶ್ (ಅಚ್ಚಿನ ಸಂದಿಯಲ್ಲಿ ಹೊರಬಂದ ತೆಳು ಅಂಚು) ಹೆಚ್ಚಾದರೆ ಗ್ರೈಂಡಿಂಗ್ ಹೆಚ್ಚು.

ಸ್ಥಿರ ಖರ್ಚಿನಲ್ಲಿ ಎರಡು ಬೇರೆ ಸಂಗತಿ ಬೆರೆತಿರುತ್ತವೆ. ತಿಂಗಳಿಗೆ 12,00,000 ರೂಪಾಯಿ ಎಂದು 100 ಟನ್ನಿಗೆ ಹಂಚಿದ್ದರೆ ಟನ್ನಿಗೆ 12,000. ನಿಜವಾದ ಖರ್ಚು 12,15,000 ಆಯಿತು: 15,000 ಖರ್ಚಿನ ವ್ಯತ್ಯಾಸ. 90 ಟನ್ ಹೊತ್ತದ್ದು 10,80,000 ಮಾತ್ರ: ಉಳಿದ 1,20,000 ಪ್ರಮಾಣದ ವ್ಯತ್ಯಾಸ, 10 ಟನ್ ಆಗದೇ ಹೋದದ್ದರ ಬೆಲೆ. ಆರ್ಡರ್ ಬರಲಿಲ್ಲವೋ, ಬಂದ ಆರ್ಡರ್ ಸುರಿಯಲಾಗಲಿಲ್ಲವೋ ಎಂಬುದರ ಮೇಲೆ ಅದನ್ನು ಯಾರಿಗೆ ಕೇಳಬೇಕು ಎಂಬುದು ನಿಲ್ಲುತ್ತದೆ. ಆರ್ಡರ್ ಇಲ್ಲದ ತಿಂಗಳು ಇದನ್ನು ಶಾಪ್ ಸೂಪರ್‌ವೈಸರ್ ತಲೆಗೆ ಕಟ್ಟಬೇಡಿ.

ಕರೆಂಟ್ ಕೊಡುವ ಹೆಸ್ಕಾಂನ ಬಿಲ್ಲನ್ನು ಒಂದೇ ಸಾಲಿನಲ್ಲಿ ಬರೆಯುವುದೂ ಇಂಥದ್ದೇ ಗೊಂದಲ ತರುತ್ತದೆ. ಎಚ್‌ಟಿ (ಹೈ ಟೆನ್ಶನ್) ಬಿಲ್ಲಿನಲ್ಲಿ ಕೆವಿಎ (ಒಮ್ಮೆಗೆ ಎಳೆದ ಲೋಡ್) ಮೇಲಿನ ಡಿಮಾಂಡ್ ಚಾರ್ಜ್ ಸ್ಥಿರ ಖರ್ಚಿಗೆ, ಯುನಿಟ್ ಮೇಲಿನದು ಟನ್ನಿನ ಜೊತೆ ಏರಿಳಿಯುವ ಖರ್ಚಿಗೆ. ಇಂಧನ ಹೊಂದಾಣಿಕೆ ಶುಲ್ಕ ಏರಿದರೆ ಅದು ದರದ ವ್ಯತ್ಯಾಸ, ಫರ್ನೇಸ್‌ನವರದ್ದಲ್ಲ. ಡಿಮಾಂಡ್ ಮಾತ್ರ ಶಾಪ್‌ನ ಕೈಯಲ್ಲಿದೆ: ಫರ್ನೇಸ್ ಪೂರ್ತಿ ಪವರ್‌ನಲ್ಲಿರುವಾಗಲೇ ಶಾಟ್ ಬ್ಲಾಸ್ಟ್, ಸ್ಯಾಂಡ್ ಪ್ಲಾಂಟ್, ಕಂಪ್ರೆಸರ್ ಎಲ್ಲ ಒಟ್ಟಿಗೆ ಎದ್ದರೆ ಒಮ್ಮೆ ಏರಿದ ಆ ಡಿಮಾಂಡ್ ಇಡೀ ತಿಂಗಳ ಬಿಲ್ಲಿಗೆ ಕೂರುತ್ತದೆ.

ಸುಳ್ಳು ವ್ಯತ್ಯಾಸಗಳು

ಯಾರನ್ನಾದರೂ ಕೇಳುವ ಮೊದಲು ನಿಮ್ಮ ಅಳತೆ ನೋಡಿಕೊಳ್ಳಿ. ಹೆಸ್ಕಾಂ ಮೀಟರ್ ಓದುವ ದಿನ ಮತ್ತು ನಿಮ್ಮ ಪ್ರೊಡಕ್ಷನ್ ತಿಂಗಳು ಒಂದೇ ಇಲ್ಲದಿದ್ದರೆ ಯುನಿಟ್ ಹೊಂದುವುದಿಲ್ಲ. 1ನೇ ತಾರೀಖು ಬೆಳಗ್ಗೆ ಮೊದಲ ಹೀಟ್‌ಗೆ ಮುಂಚೆ ಫರ್ನೇಸ್‌ನ ಸಬ್ ಮೀಟರ್ ನೀವೇ ಬರೆದುಕೊಳ್ಳಿ. ಅದೇ ಹೊತ್ತಿಗೆ ಸ್ಕ್ರಾಪ್, ಪಿಗ್, ರಿಟರ್ನ್ ರಾಶಿಗಳ ಸ್ಟಾಕ್. ರಿಟರ್ನ್ ರಾಶಿಯನ್ನು ಕಣ್ಣಂದಾಜಿನಲ್ಲಿ ಬರೆಯುವ ಘಟಕದಲ್ಲಿ ಒಂದು ತಿಂಗಳು 3 ಟನ್ ಪೋಲು, ಮರುತಿಂಗಳು 3 ಟನ್ ಉಳಿತಾಯ ಎಂದು ಬರುತ್ತಲೇ ಇರುತ್ತದೆ. ಮಳೆಯಲ್ಲಿ ನೆಂದು ಬಂದ ಸ್ಕ್ರಾಪ್ ಲಾರಿಯ ತೂಕದಲ್ಲಿ ನೀರು, ಮಣ್ಣು ಇರುತ್ತದೆ. ಗೇಟ್‌ನಲ್ಲೇ ಕಡಿತ ಹಾಕಿಸಿ. ನೆಂದ ಸ್ಕ್ರಾಪನ್ನು ಕರಗಿದ ಲೋಹಕ್ಕೆ ಹಾಕಿದರೆ ಸಿಡಿದು ಜೀವಕ್ಕೇ ಅಪಾಯ, ಆದ್ದರಿಂದ ಒಣಗಿಸುವ ಜಾಗದ ಖರ್ಚನ್ನು ಬಜೆಟ್‌ನಲ್ಲಿ ಇಡಿ, ಅದರಲ್ಲಿ ಉಳಿಸಲು ಹೋಗಬೇಡಿ. ಡಿಸೆಂಬರ್ ಕೊನೆಗೆ ಡಿಸ್ಪ್ಯಾಚ್ ಆಗಿ ಜನವರಿಯಲ್ಲಿ ಗಿರಾಕಿ ವಾಪಸ್ ಕಳಿಸಿದ ಮಾಲನ್ನು ಡಿಸೆಂಬರ್‌ನ ಹೀಟ್ ನಂಬರ್‌ಗೇ ಬರೆಯಿರಿ, ಇಲ್ಲದಿದ್ದರೆ ತಪ್ಪು ಹೀಟ್‌ನ ಕಾರಣ ಹುಡುಕುತ್ತೀರಿ.

ಎಲ್ಲ ವ್ಯತ್ಯಾಸದ ಹಿಂದೆಯೂ ಓಡಬೇಕಾಗಿಲ್ಲ. ಟನ್ನಿಗೆ 600 ಯುನಿಟ್ ಎನ್ನುವ ಫರ್ನೇಸ್ ಒಳ್ಳೆಯ ದಿನಗಳಲ್ಲೂ 590ರಿಂದ 610ರ ನಡುವೆ ಆಡುತ್ತಿದ್ದರೆ ಆ 10 ಯುನಿಟ್ ಅದರ ಸ್ವಭಾವ. ಅದರ ಆಚೆ ಹೋದದ್ದನ್ನು ಹಿಡಿಯಿರಿ. ಒಳಗೇ ಇದ್ದರೂ ಮೂರು ತಿಂಗಳಿಂದ ಒಂದೇ ದಿಕ್ಕಿಗೆ ಸರಿಯುತ್ತಿರುವುದನ್ನೂ ಹಿಡಿಯಿರಿ. ಅನುಕೂಲ ಎಂದು ಬಂದ ದೊಡ್ಡ ಸಂಖ್ಯೆಯನ್ನು ಪ್ರತಿಕೂಲದಷ್ಟೇ ಕಟ್ಟುನಿಟ್ಟಾಗಿ ಕೇಳಿ. ಮೇಲಿನ ಸ್ಕ್ರಾಪ್ ಕಥೆ ಶುರುವಾದದ್ದು ಅನುಕೂಲದಿಂದಲೇ.

ದರದ ವ್ಯತ್ಯಾಸಕ್ಕೆ ತಿಂಗಳ ಕೊನೆವರೆಗೆ ಕಾಯಬೇಕಾಗಿಲ್ಲ, ಬಿಲ್ ಬಂದ ದಿನವೇ ಬರೆಯಬಹುದು. ಯುನಿಟ್ ಮತ್ತು ರಿಜೆಕ್ಷನ್ ದಿನವೂ, ಲೋಹದ ಬಳಕೆ ವಾರಕ್ಕೊಮ್ಮೆ. ಸ್ಟ್ಯಾಂಡರ್ಡನ್ನು ವರ್ಷದ ನಡುವೆ ಬದಲಿಸುವುದು ಹೊಸ ಫರ್ನೇಸ್, ಹೊಸ ಮೋಲ್ಡಿಂಗ್ ಮಷಿನ್, ಗೇಟಿಂಗ್ (ಅಚ್ಚಿಗೆ ಲೋಹ ಹರಿಯುವ ದಾರಿ) ಬದಲಾದ ಪ್ಯಾಟರ್ನ್ ಬಂದಾಗ ಮಾತ್ರ. ಬರೀ ದರಗಳು ಏರಿದರೆ ಸ್ಟ್ಯಾಂಡರ್ಡ್ ಹಾಗೇ ಇರಲಿ, ವ್ಯತ್ಯಾಸ ಕಾಣಲಿ. ಗಿರಾಕಿಯ ಹತ್ತಿರ ದರ ಪರಿಷ್ಕರಣೆ ಕೇಳಲು ಹೋಗುವಾಗ ಕೈಯಲ್ಲಿ ಹಿಡಿಯುವ ಹಾಳೆ ಅದೇ. ಮೊದಲ ಮೂರು ತಿಂಗಳು ಲೋಹ ಮತ್ತು ಕರೆಂಟು ಎರಡನ್ನೇ ಮಾಡಿ. ಅವೆರಡರ ಕೆಜಿ ಮತ್ತು ಯುನಿಟ್ ರಿಜೆಕ್ಷನ್ ರಿಜಿಸ್ಟರ್ ಜೊತೆ ಹೊಂದಲು ಶುರುವಾದ ಮೇಲೆ ಮರಳು, ಕೋರ್, ಫೆಟ್ಲಿಂಗ್ ಸೇರಿಸಿಕೊಳ್ಳಿ.